ನಂಬರ್ ಬೇಡ, ಕೂಸೇ

ನನ್ನ ಹೆಂಡತಿ ಬ್ರೀಡಾ ಆ ಕಾಗದವನ್ನು ಎರಡು ಸಲ ಓದಿ ಅಡುಗೆಮನೆಯ ಮೇಜಿನ ಮೇಲಿಟ್ಟು, "ಕೋಲ್ಮನ್, ಕೊನೆಗೂ ನಿನಗೆ ತಕ್ಕ ಗಿರಾಕಿ ಸಿಕ್ಕಿದಾರೆ ನೋಡು," ಎಂದಳು.

ನಮಗೆ ಯಾರೂ ಕಾಗದ ಬರೆಯುವುದಿಲ್ಲ. ಬುಕಿಂಗ್ ಎಲ್ಲ ಕಂಪ್ಯೂಟರಿನಲ್ಲಿ, ಅದನ್ನು ಬ್ರೀಡಾ ನೋಡಿಕೊಳ್ಳುತ್ತಾಳೆ. ಬಲ್ಲಿನಾದಿಂದ ಬೆಳಿಗ್ಗೆ ಹೊರಟು ಮೇಯೋ ಜಿಲ್ಲೆಯ ಉತ್ತರದ ಕರಾವಳಿಯನ್ನು ತೋರಿಸಿ ಸಂಜೆಗೆ ವಾಪಸು ತಂದು ಬಿಡುವುದು ನನ್ನ ಕೆಲಸ. ಹದಿನೆಂಟು ವರ್ಷ ಮೀನಿನ ಲಾರಿ ಓಡಿಸಿದವನು ನಾನು. ಬೆನ್ನು ಕೈಕೊಟ್ಟ ಮೇಲೆ ಏಳು ಸೀಟಿನ ಒಂದು ಕಾರು ಕೊಂಡು ಇದಕ್ಕೆ ಇಳಿದೆ. ಅಮೆರಿಕದಿಂದ ಬಂದವರಿಗೆ ಮುತ್ತಜ್ಜನ ಮನೆ ಬೇಕು, ಜರ್ಮನರಿಗೆ ಕಡಲಿನ ಬಂಡೆ ಬೇಕು, ಗಾಲ್ಫ್ ಆಡುವವರಿಗೆ ಗಾಲ್ಫ್ ಮೈದಾನ ಬಿಟ್ಟರೆ ಏನೂ ಬೇಡ. ಯಾರಿಗೆ ಯಾವ ಕಥೆ ಹೇಳಬೇಕು, ಎಲ್ಲಿ ನಿಲ್ಲಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಯಾವ ಹೋಟೆಲಿನ ಸೂಪು ತಣ್ಣಗಿರುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ.

ಈ ಕಾಗದ ಡಬ್ಲಿನ್‌ನಿಂದ ಬಂದಿತ್ತು. ಗೆರೆ ಎಳೆದ ಹಾಳೆ, ನೀಲಿ ಶಾಯಿ, ಒಂದಕ್ಷರವೂ ಗೆರೆ ಬಿಟ್ಟು ಆಚೀಚೆ ಹೋಗಿರಲಿಲ್ಲ.

'ನನಗೆ ಎಂಬತ್ತೊಂದು ವರ್ಷ. ಮೊಣಕಾಲು ಪರವಾಗಿಲ್ಲ. ಸೆಪ್ಟೆಂಬರಿನ ಮೊದಲ ಗುರುವಾರ ಇಡೀ ದಿನಕ್ಕೆ ನಿಮ್ಮ ಕಾರು ಬೇಕು. ನೀವು ತೋರಿಸುವ ಬಂಡೆಗಳು ಜಾಹೀರಾತಿನಲ್ಲಿ ಚೆನ್ನಾಗಿಯೇ ಕಾಣುತ್ತವೆ, ಆದರೆ ನನಗೆ ಅವು ಬೇಡ. ಕೆಳಗೆ ಬರೆದವನ್ನು ತೋರಿಸಿದರೆ ಸಾಕು.'

ಕೆಳಗೆ ಏಳು ಸಾಲು. ರಾಸ್‌ಕೀಲ್ ಎಕ್ಸ್‌ಚೇಂಜ್. ರಾಸ್‌ಕೀಲ್ ಎರಡು, ಡಾಕ್ಟರು. ರಾಸ್‌ಕೀಲ್ ಒಂಬತ್ತು, ಲವೆಲ್ ಅಣ್ಣತಮ್ಮಂದಿರು. ರಾಸ್‌ಕೀಲ್ ಹನ್ನೊಂದು, ರುವೇನ್ ಗ್ಯಾರೇಜು. ಹೀಗೇ ಇನ್ನೆರಡು. ಕೊನೆಯ ಸಾಲಿನಲ್ಲಿ, 'ರಾಸ್‌ಕೀಲ್ ಆರು, ಮುನೆಲ್ಲಿ ಅಂಗಡಿ, ಕಿಲ್‌ಬ್ರೀನ್. ಆಮೇಲೆ ಕಿಲ್‌ಬ್ರೀನ್ ಸ್ಮಶಾನ.' ಕೆಳಗೆ ಸಹಿ: ಅಟ್ರಾಕ್ಟಾ ಗಿಲ್ವರಿ.

"ರಾಸ್‌ಕೀಲ್‌ನಲ್ಲಿ ನೋಡೋಕೆ ಏನಿದೆ ಮಣ್ಣು?" ಎಂದೆ. "ಒಂದು ಚರ್ಚು, ಎರಡು ಪಬ್ಬು. ಅದರಲ್ಲೂ ಒಂದು ಮುಚ್ಚಿದೆ. ಕಿಲ್‌ಬ್ರೀನ್ ಅಂತೂ ಬರೀ ಜೌಗುನೆಲ. ಆ ಮುದುಕಿ ದುಡ್ಡು ಕೊಟ್ಟು ಕುರಿ ನೋಡ್ಕೊಂಡು ಹೋಗ್ತಾರೆ."

"ಅವರ ದುಡ್ಡು, ಅವರ ಕುರಿ. ನಿನ್ನ ಬಂಡೆ ಕಥೆ ಕೇಳಿ ಕೇಳಿ ಬಂಡೆಗೇ ಬೇಜಾರಾಗಿದೆ. ಒಂದಿನ ಬೇರೆಯವರು ಹೇಳಿದ ದಾರೀಲಿ ಹೋಗು," ಎಂದು ಬ್ರೀಡಾ ಅಂದೇ ಒಪ್ಪಿಗೆಯ ಉತ್ತರ ಬರೆದು ಅಂಚೆಗೆ ಹಾಕಿದಳು.

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಬಲ್ಲಿನಾದ ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಗಿಡ್ಡನೆಯ ಹೆಂಗಸು, ಕಡುನೀಲಿ ಕೋಟು, ಇಸ್ತ್ರಿ ಮಾಡಿದ ಸ್ಕಾರ್ಫು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೆಂಪು ಹೂ ಬಿಟ್ಟ ಜೆರೇನಿಯಂ ಗಿಡದ ಕುಂಡ. ನಾನು ಹಿಂದಿನ ಬಾಗಿಲು ತೆಗೆದರೆ ಅವರು ಮುಂದಿನ ಬಾಗಿಲ ಬಳಿ ಹೋಗಿ ನಿಂತರು.

"ಹಿಂದೆ ಕೂತ್ರೆ ನಿಮ್ಮ ಕತ್ತು ಮಾತ್ರ ಕಾಣತ್ತೆ. ಇಷ್ಟು ದಿನ ಮುಖ ಕಾಣದೇ ಮಾತಾಡಿದ್ದು ಸಾಕಾಗಿದೆ."

ಅವರ ದನಿ ಕೇಳಿ ನಾನು ಮತ್ತೊಮ್ಮೆ ಅವರ ಮುಖ ನೋಡಿದೆ. ಮುಖಕ್ಕೆ ಎಂಬತ್ತೊಂದಾಗಿದ್ದರೂ ದನಿಗೆ ಆಗಿರಲಿಲ್ಲ. ತಗ್ಗಿನಲ್ಲಿ, ನಿಧಾನವಾಗಿ, ಪ್ರತಿ ಮಾತಿನ ಕೊನೆಯಕ್ಷರವನ್ನೂ ನುಂಗದೆ ಆಡುತ್ತಿದ್ದರು.

"ಬನ್ನಿ ಮಿಸ್ ಗಿಲ್ವರಿ, ಕೂತ್ಕೊಳ್ಳಿ."

"ಮಿಸ್ ಅಂದ್ರೆ ಶಾಲೆ ಟೀಚರು ಅನ್ಸತ್ತೆ. ಅಟ್ರಾಕ್ಟಾ ಅನ್ನಿ. ಆ ಹೆಸರಿನವರು ಈಗ ದೇಶದಲ್ಲಿ ಹತ್ತು ಜನ ಉಳಿದಿದ್ರೆ ಹೆಚ್ಚು, ಯಾರ ಜೊತೇಲೂ ಗೊಂದಲ ಆಗಲ್ಲ."

ಕುಂಡವನ್ನು ಕಾಲ ಬಳಿ ಇಟ್ಟುಕೊಂಡು ಕುಳಿತರು. ಊರು ದಾಟುವಷ್ಟರಲ್ಲಿ ತಮ್ಮ ವಿಚಾರ ಹೇಳಿದರು. ಅವರು ಲೀಟ್ರಿಮ್ ಜಿಲ್ಲೆಯವರು. ಹತ್ತೊಂಬತ್ತನೆಯ ವಯಸ್ಸಿಗೆ, ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ರಾಸ್‌ಕೀಲ್ ಅಂಚೆಕಚೇರಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಬಂದರು. ಆಗ ಫೋನಿಗೆ ಡಯಲ್ ಇರಲಿಲ್ಲ. ಪಕ್ಕದ ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನ ಹಲಗೆಯ ಮೇಲೆ ಆ ನಂಬರಿನ ಪುಟ್ಟ ಮುಚ್ಚಳ ಕೆಳಗೆ ಬೀಳುತ್ತಿತ್ತು. ಇವರು ತಂತಿ ಚುಚ್ಚಿ, ಯಾವ ನಂಬರ್ ಬೇಕು ಎಂದು ಕೇಳಿ, ಅತ್ತ ಕಡೆಯ ತೂತಿಗೆ ಇನ್ನೊಂದು ತುದಿ ಚುಚ್ಚಬೇಕು. ಇಪ್ಪತ್ತಮೂರು ವರ್ಷ ಅದೇ ಕೆಲಸ. ಎಂಬತ್ತೈದರಲ್ಲಿ ಯಂತ್ರ ಬಂತು, ಹಲಗೆಯನ್ನು ಬಿಚ್ಚಿಕೊಂಡು ಹೋದರು, ಇವರನ್ನು ಡಬ್ಲಿನ್‌ಗೆ ಹಾಕಿದರು.

"ನಲವತ್ತೊಂದು ನಂಬರು. ಎಲ್ಲರ ದನಿಯೂ ಗೊತ್ತಿತ್ತು. ಯಾರು ಕೆಮ್ಮಿದ್ರೂ ಗೊತ್ತಾಗ್ತಿತ್ತು. ಒಬ್ಬರ ಮನೇನೂ ನೋಡಿಲ್ಲ," ಎಂದರು.

"ಒಂದೂ ನೋಡಿಲ್ವಾ?"

"ಹಲಗೆ ಬಿಟ್ಟು ಏಳೋ ಹಾಗಿರಲಿಲ್ಲ ಕಣಪ್ಪಾ. ಭಾನುವಾರ ಪೂಜೆಗೆ ಎದುರುಗಡೆ ಚರ್ಚಿಗೆ ಹೋಗಿ ಓಡಿಬರ್ತಿದ್ದೆ. ಮಲಗ್ತಿದ್ದಿದ್ದೂ ಅಲ್ಲೇ, ಮೇಲಿನ ಕೋಣೇಲಿ. ಕಾರಿಲ್ಲ. ಸೈಕಲ್ ಇತ್ತು, ಅದಕ್ಕೆ ಬ್ರೇಕ್ ಇರಲಿಲ್ಲ."

ರಾಸ್‌ಕೀಲ್‌ನ ಹಳೆಯ ಅಂಚೆಕಚೇರಿ ಈಗ ಹೆಂಗಸರ ಕ್ಷೌರದಂಗಡಿ. ಒಳಗೆ ಒಬ್ಬಾಕೆಯ ತಲೆಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಗೆ ಅಟ್ರಾಕ್ಟಾ ವಿಷಯ ಹೇಳಿದರು. ಅವಳು ಬಣ್ಣದ ಬಟ್ಟಲು ಹಿಡಿದುಕೊಂಡೇ, "ಬನ್ನಿ, ಎಲ್ಲಿತ್ತು ತೋರಿಸಿ," ಎಂದಳು. ತಲೆ ತೊಳೆಯುವ ತೊಟ್ಟಿ ಇದ್ದ ಜಾಗವೇ ಹಲಗೆಯಿದ್ದ ಜಾಗ. ಅಟ್ರಾಕ್ಟಾ ಆ ಕುರ್ಚಿಯ ಮೇಲೆ ಕುಳಿತು, ಕತ್ತು ಆಚೀಚೆ ತಿರುಗಿಸಿ ನೋಡಿದರು.

"ಕಿಟಕಿ ಇರಲಿಲ್ಲ. ಕಿಟಕಿ ಇಟ್ಟಿದಾರಲ್ಲ, ಒಳ್ಳೇದಾಯ್ತು," ಎಂದರು.

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಕೆ, "ಹಾಗಾದ್ರೆ ನಮ್ಮಮ್ಮ ಚಿಕ್ಕಮ್ಮನ ಹತ್ರ ಅಪ್ಪನ್ನ ಬೈತಿದ್ದಿದ್ದೆಲ್ಲ ನೀವು ಕೇಳಿದೀರಾ?" ಎಂದು ಕನ್ನಡಿಯಲ್ಲೇ ಕೇಳಿದಳು.

"ಯಾವ ನಂಬರು?"

"ಹದಿನೇಳು."

"ಕೇಳಿದೀನಿ. ನಿಮ್ಮಪ್ಪನದೇ ತಪ್ಪು."

ಅಂಗಡಿಯೆಲ್ಲ ನಕ್ಕಿತು. ಅಲ್ಲಿಂದ ಹೊರಬರುವಷ್ಟರಲ್ಲಿ ನನಗೂ ಆ ದಿನದ ಮೇಲೆ ಸ್ವಲ್ಪ ಪ್ರೀತಿ ಬಂದಿತ್ತು.

ಡಾಕ್ಟರ ಮನೆಯಲ್ಲಿ ಈಗ ಡಚ್ ದಂಪತಿಗಳಿದ್ದಾರೆ, ಮಣ್ಣಿನ ಬಟ್ಟಲು ಮಾಡುತ್ತಾರೆ. ಅಟ್ರಾಕ್ಟಾ ಗೇಟಿನ ಹೊರಗೇ ನಿಂತು, ಫೋನು ಯಾವ ಕಿಟಕಿಯ ಬಳಿ ಇದ್ದಿರಬಹುದು ಎಂದು ಲೆಕ್ಕ ಹಾಕಿದರು. ಲವೆಲ್ ಅಣ್ಣತಮ್ಮಂದಿರ ಮನೆ ಗುಡ್ಡದ ಪಕ್ಕದಲ್ಲಿತ್ತು, ಇತ್ತು ಎನ್ನುವುದಷ್ಟೇ. ಮಾಡು ಬಿದ್ದು ಒಳಗಿನಿಂದ ಒಂದು ಮರ ಎದ್ದಿತ್ತು. ಆ ಇಬ್ಬರೂ ಮದುವೆಯಾಗದವರು, ಶನಿವಾರಕ್ಕೊಮ್ಮೆ ಫೋನ್ ಮಾಡಿ ಗಂಟೆ ಎಷ್ಟೆಂದು ಕೇಳುತ್ತಿದ್ದರಂತೆ, ಗಡಿಯಾರ ಸರಿಮಾಡಿಕೊಳ್ಳಲು. ಅದು ಬಿಟ್ಟು ಇಪ್ಪತ್ತಮೂರು ವರ್ಷದಲ್ಲಿ ಯಾರಿಗೂ ಒಂದು ಕರೆ ಮಾಡಿದವರಲ್ಲ.

"ಒಂದು ಶನಿವಾರ ಕರೆ ಬರಲಿಲ್ಲ. ಹತ್ತು ನಿಮಿಷ ಕಾದು ನಾನೇ ಪಾದ್ರಿಗಳಿಗೆ ಹೇಳ್ದೆ. ಹೋಗಿ ನೋಡಿದ್ರೆ ತಮ್ಮ ಬಿದ್ದು ಕಾಲು ಮುರ್ಕೊಂಡಿದ್ದ, ಅಣ್ಣ ಪಕ್ಕದಲ್ಲಿ ಕೂತು ಜಪ ಮಾಡ್ತಿದ್ದ. ಫೋನ್ ಮಾಡೋದು ಹೊಳೆದೇ ಇಲ್ಲ ಅವನಿಗೆ. ಅವತ್ತು ಗಂಟೆ ಕೇಳೋದು ಬಾಕಿ ಇತ್ತಲ್ಲ, ಅದೇ ಚಿಂತೆ."

ನಾನು ನಕ್ಕೆ. ಅವರು ನಗಲಿಲ್ಲ. ಕಲ್ಲಿನ ಗೋಡೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದು ಕಾರಿಗೆ ಬಂದರು.

ಪಟ್ಟಿಯ ಇನ್ನೆರಡು ಮನೆಗಳನ್ನೂ ನೋಡಿಕೊಂಡು ಹನ್ನೆರಡಕ್ಕೆ ಸರಿಯಾಗಿ ರುವೇನ್ ಗ್ಯಾರೇಜಿಗೆ ಬಂದೆವು. ಗ್ಯಾರೇಜನ್ನು ಮಗ ನಡೆಸುತ್ತಾನೆ. ಎಪ್ಪತ್ತು ದಾಟಿದ ತಂದೆ, ಮಾರ್ಟನ್ ರುವೇನ್, ಟ್ರಾಕ್ಟರಿನ ಕೆಳಗೆ ಮಲಗಿಕೊಂಡು ಮಗನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. ನನಗೆ ಅವನ ಬೂಟು ಮಾತ್ರ ಕಾಣುತ್ತಿತ್ತು. ಅಟ್ರಾಕ್ಟಾ ಬೂಟಿನ ಹತ್ತಿರ ಬಗ್ಗಿ, "ನಮಸ್ಕಾರ, ಇದು ರಾಸ್‌ಕೀಲ್ ಹನ್ನೊಂದಾ?" ಎಂದರು.

ಕೆಳಗೆ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಾಯಿತು.

"ಇನ್ನೊಂದ್ಸಲ ಹೇಳಿ," ಎಂದಿತು ಕೆಳಗಿನ ದನಿ.

"ರಾಸ್‌ಕೀಲ್ ಹನ್ನೊಂದಾ?"

ಮಾರ್ಟನ್ ಚಕ್ರದ ಹಲಗೆಯ ಮೇಲೆ ಜಾರಿಕೊಂಡು ಹೊರಬಂದು, ಎಣ್ಣೆ ಮೆತ್ತಿದ ಮುಖದಲ್ಲಿ ಅವರನ್ನೇ ನೋಡಿದ. "ಅಯ್ಯೋ ದೇವರೇ, ಎಕ್ಸ್‌ಚೇಂಜು! ನೀವಿಷ್ಟು ಗಿಡ್ಡ ಇದೀರಾ? ನಾನು ಆರಡಿ ಹೆಂಗಸು ಅಂದ್ಕೊಂಡಿದ್ದೆ!"

"ನಾನು ನೀನು ದಪ್ಪ ಅಂದ್ಕೊಂಡಿದ್ದೆ. ಅದು ಸರಿಯಾಗೇ ಇದೆ," ಎಂದರು ಅಟ್ರಾಕ್ಟಾ.

ಅವನು ನಮ್ಮನ್ನು ಒಳಗೆ ಕೂರಿಸಿ ಚಹಾ ಕೊಟ್ಟ, ಹಂದಿಮಾಂಸ ಇಟ್ಟ ಬ್ರೆಡ್ಡು ಕೊಟ್ಟ. ಅವನ ಹೆಂಡತಿಗೆ ಮೊದಲ ಹೆರಿಗೆಯಾದಾಗ ಕ್ಯಾಸಲ್‌ಬಾರ್ ಆಸ್ಪತ್ರೆಯ ಲೈನು ಸಿಗದೆ ಇವನು ಒದ್ದಾಡುತ್ತಿದ್ದನಂತೆ. ಇವರು ಅರ್ಧ ಗಂಟೆಗೊಮ್ಮೆ ತಾವೇ ಪ್ರಯತ್ನಿಸಿ, ಕೊನೆಗೆ ಅವನಿಗೆ ಹೆಣ್ಣು ಮಗುವೆಂದು ಹೇಳಿದ್ದರು. "ನನ್ನ ಮಗಳು ಹುಟ್ಟಿದ್ದು ಇವರ ಬಾಯಿಂದ," ಎಂದು ಅವನು ಮಗನಿಗೆ ಹೇಳಿದ. ಮಗ ಸೌಜನ್ಯಕ್ಕೆ ತಲೆಯಾಡಿಸಿದ.

ಹೊರಡುವಾಗ ಮಾರ್ಟನ್, "ಇಲ್ಲಿಂದ ಎಲ್ಲಿಗೆ?" ಎಂದ.

"ಕಿಲ್‌ಬ್ರೀನ್‌ಗೆ. ಡೀಲಿಯಾ ಮುನೆಲ್ಲಿ ಸಮಾಧಿಗೆ ಈ ಗಿಡ ಇಡಬೇಕು," ಎಂದರು ಅಟ್ರಾಕ್ಟಾ.

ಮಾರ್ಟನ್ ಕುಂಡವನ್ನು ನೋಡಿದ, ಅವರ ಮುಖ ನೋಡಿದ. "ಸಮಾಧಿಗಾ? ಅದರೊಳಗೆ ಹೋಗೋಕೆ ಆಯಮ್ಮ ಇನ್ನೂ ಒಪ್ಪಿಲ್ವಲ್ಲ! ಪೋರ್ಟಾಕ್ ವೃದ್ಧರ ಮನೇಲಿದಾರೆ. ತೊಂಬತ್ತೈದು. ಈಸ್ಟರಿಗೆ ನಾನೇ ಹೋಗಿದ್ದೆ, ಕೇಕ್ ಸಪ್ಪೆ ಅಂತ ಬೈದು ಕಳಿಸಿದ್ರು."

ಅಟ್ರಾಕ್ಟಾ ಗೋಡೆಗೆ ಒರಗಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟರು. ಕೋಟಿಗೆ ಮಸಿಯಾಗುವುದನ್ನೂ ನೋಡಲಿಲ್ಲ.

ಕಾರು ಪೋರ್ಟಾಕ್ ಕಡೆ ತಿರುಗಿತು. ಎರಡೂ ಕಡೆ ಕಂದು ಬಣ್ಣದ ಜೌಗುನೆಲ, ರಸ್ತೆಯ ನಡುವೆ ಮಲಗಿದ್ದ ಕುರಿಗಳು. ನಾನು ಹಾರನ್ ಮಾಡದೆ ಕಾದೆ. ಆಗ ಅಟ್ರಾಕ್ಟಾ ತಾವಾಗಿಯೇ ಹೇಳತೊಡಗಿದರು.

ಕೆಲಸಕ್ಕೆ ಸೇರಿದ ಎರಡನೆಯ ಚಳಿಗಾಲದಲ್ಲಿ ಅವರ ತಾಯಿ ತೀರಿಕೊಂಡರು. ಎರಡೇ ದಿನ ರಜೆ. ಮೂರನೆಯ ದಿನ ಹಲಗೆಯ ಮುಂದೆ ಕುಳಿತರು. ರಾಸ್‌ಕೀಲ್‌ನಲ್ಲಿ ಅವರಿಗೆ ಗೊತ್ತಿದ್ದ ಜೀವ ಒಂದಿರಲಿಲ್ಲ. ಅಂಚೆಕಚೇರಿಯ ಯಜಮಾನಿ ಲೆಕ್ಕಾಚಾರದ ಹೆಂಗಸು, ಅಳುವುದನ್ನು ಕಂಡರೆ ಆಗದು. ಅಂದು ಬೆಳಿಗ್ಗೆ ಆರನೇ ನಂಬರಿನ ಮುಚ್ಚಳ ಬಿತ್ತು. ಕಿಲ್‌ಬ್ರೀನ್‌ನ ದಿನಸಿ ಅಂಗಡಿ, ಆ ಊರಿಗೆಲ್ಲ ಇದ್ದುದು ಅದೊಂದೇ ಫೋನು. ಅಂಗಡಿಯ ಡೀಲಿಯಾಗೆ ಹಿಟ್ಟಿನ ವ್ಯಾಪಾರಿಯ ನಂಬರ್ ಬೇಕಿತ್ತು. ಇವರು ಯಾವ ನಂಬರ್ ಎಂದು ಕೇಳಿದ್ದೇ ತಡ, ಅತ್ತಲಿಂದ ಡೀಲಿಯಾ, "ಹಿಟ್ಟು ಹಾಳಾಗ್ಲಿ. ನಿನ್ನ ದನಿಗೆ ಏನಾಯ್ತೇ ಕೂಸೇ?" ಎಂದರಂತೆ.

"ಮಾರನೇ ದಿನ ಎಂಟೂ ಮುಕ್ಕಾಲಿಗೆ ಮತ್ತೆ ಆರನೇ ನಂಬರು. ಯಾವ ನಂಬರ್ ಬೇಕು ಅಂದೆ. 'ನಂಬರ್ ಬೇಡ, ಕೂಸೇ. ಏನು ತಿಂದೆ ಹೇಳು' ಅಂದ್ರು. ಏನೂ ತಿಂದಿಲ್ಲ ಅಂದೆ. 'ಹೋಗಿ ಒಂದು ಮೊಟ್ಟೆ ಬೇಯಿಸ್ಕೋ, ಆಮೇಲೆ ನಾನೇ ಕೇಳ್ತೀನಿ' ಅಂದ್ರು. ಹಾಗೆ ಇಪ್ಪತ್ತೆರಡು ವರ್ಷ. ಭಾನುವಾರ ಬಿಟ್ಟು."

"ದಿನಾನೂ ಅದೇ ಕೇಳೋರಾ?"

"ಏನು ತಿಂದೆ, ಕಾಲು ಬೆಚ್ಚಗಿದ್ಯಾ, ಆ ಹಾಳು ಯಜಮಾನಿ ಏನಂದ್ಲು. ಎರಡು ನಿಮಿಷ, ಅಷ್ಟೇ. ಆ ಚಳಿಗಾಲ ನಾನು ಪೆಟ್ಟಿಗೆ ಕಟ್ಟಿಟ್ಟಿದ್ದೆ, ಇಂಗ್ಲೆಂಡಿಗೆ ಹೋಗಿಬಿಡೋಣ ಅಂತ. ಅಲ್ಲೂ ಯಾರೂ ಇರಲಿಲ್ಲ, ಸುಮ್ನೆ ಹೋಗೋದು ಅಷ್ಟೇ. ಏನಾಗ್ತಿದ್ದೆನೋ. ನಾಳೆ ಮೊಟ್ಟೆ ತಿಂದ್ಯಾ ಅಂತ ಕೇಳ್ತಾರಲ್ಲ, ನಾನಿಲ್ದಿದ್ರೆ ಯಾರು ಉತ್ತರ ಹೇಳ್ತಾರೆ ಅಂತ ಉಳ್ಕೊಂಡೆ."

"ಒಂದ್ಸಲಾನೂ ಭೇಟಿ ಆಗಲಿಲ್ವಾ? ಹದಿನೈದು ಮೈಲಿ ಅಷ್ಟೇ ಅಲ್ವಾ?"

"ಅವರಿಗೆ ಅಂಗಡಿ, ಹಾಸಿಗೆ ಹಿಡಿದ ಗಂಡ, ಐದು ಮಕ್ಕಳು. ನನಗೆ ಹಲಗೆ. ಎರಡು ಸಲ ಗೊತ್ತುಮಾಡಿದ್ವಿ, ಎರಡು ಸಲಾನೂ ತಪ್ಪಿಹೋಯ್ತು. ಆಮೇಲೆ..." ಅವರು ಕಿಟಕಿಯ ಕಡೆ ತಿರುಗಿದರು. "ನಿಜ ಹೇಳ್ಲಾ? ಹೆದರಿಕೆ ಆಯ್ತು. ಮುಖ ನೋಡಿಬಿಟ್ರೆ ಆ ಮಾತು ನಿಂತುಹೋದ್ರೆ ಅಂತ. ಡಬ್ಲಿನ್‌ಗೆ ಹೋದ್ಮೇಲೆ ಕ್ರಿಸ್ಮಸ್ಸಿಗೆ ಕಾರ್ಡ್ ಕಳಿಸ್ತಿದ್ದೆ. ಹದಿನಾಲ್ಕು ವರ್ಷದ ಹಿಂದೆ ಅದು ವಾಪಸ್ ಬಂತು. ಅಂಗಡಿ ಮುಚ್ಚಿದೆ, ಈ ಹೆಸರಿನವರಿಲ್ಲ ಅಂತ ಬರೆದಿತ್ತು. ಹೋಗ್ಬಿಟ್ರು ಅಂದ್ಕೊಂಡೆ. ಒಂದು ಥ್ಯಾಂಕ್ಸ್ ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ ನಾನು."

ಪೋರ್ಟಾಕ್ ವೃದ್ಧರ ಮನೆ ಕಡಲಿಗೆ ಮುಖ ಮಾಡಿದ ಉದ್ದನೆಯ ಒಂದಂತಸ್ತಿನ ಕಟ್ಟಡ. ಬಾಗಿಲಲ್ಲಿ ಶೈನಿ ಎಂಬ ನರ್ಸ್ ಸಿಕ್ಕಳು. ಕೇರಳದವಳು, ಹನ್ನೊಂದು ವರ್ಷದಿಂದ ಇಲ್ಲಿದ್ದಾಳೆ, ಮೇಯೋದ ಮಾತಿನ ಎಳೆತ ನನಗಿಂತ ಅವಳಲ್ಲೇ ಹೆಚ್ಚು.

"ಡೀಲಿಯಾನ ನೋಡೋಕೆ ಬಂದ್ರಾ? ಖುಷಿಯಾಗ್ತಾರೆ. ಆದ್ರೆ ಒಂದು ವಿಷಯ, ಕಿವಿ ಪೂರ್ತಿ ಹೋಗಿದೆ. ಕಿವಿಗೆ ಹಾಕೋ ಯಂತ್ರ ಕೊಟ್ರೆ ಚಹಾ ಲೋಟದೊಳಗೆ ಹಾಕ್ತಾರೆ. ನಾವೆಲ್ಲ ಬಿಳಿ ಹಲಗೆ ಮೇಲೆ ಬರೆದು ತೋರಿಸ್ತೀವಿ."

ಅಟ್ರಾಕ್ಟಾ ಹಜಾರದಲ್ಲೇ ನಿಂತರು. ಕುಂಡ ಕೈಯಿಂದ ಜಾರುವಂತಿತ್ತು. ನಾನು ಅದನ್ನು ತೆಗೆದುಕೊಂಡೆ.

"ಹೋಗೋಣ ನಡೀರಿ ಕೋಲ್ಮನ್."

"ಯಾಕೆ?"

"ನನ್ನ ಮುಖ ಅವರು ನೋಡಿಲ್ಲ. ಅವರ ಹತ್ರ ನಂದು ಅಂತ ಇದ್ದಿದ್ದು ಈ ದನಿ ಒಂದೇ. ಅದೂ ಕೇಳಿಸಲ್ಲ ಅಂದ್ಮೇಲೆ ನಾನು ಯಾರೋ ಬೀದೀಲಿ ಹೋಗೋ ಮುದುಕಿ. ತೊಂಬತ್ತೈದರ ಜೀವಾನ ಸುಮ್ನೆ ಗಾಬರಿ ಮಾಡೋದು ಬೇಡ."

ಗಿರಾಕಿ ಹೋಗೋಣ ಎಂದರೆ ಹೋಗುವುದು ನನ್ನ ಕೆಲಸ. ಬಂಡೆಯ ತುದಿಯಲ್ಲಿ ತಲೆ ತಿರುಗಿದವರನ್ನು ಎಷ್ಟೋ ಸಲ ಮಾತಿಲ್ಲದೆ ವಾಪಸು ಕರೆತಂದಿದ್ದೇನೆ. ಆದರೆ ಅವತ್ತು ನನ್ನ ಕಾಲು ಬಾಗಿಲ ಕಡೆ ತಿರುಗಲಿಲ್ಲ.

"ಅಟ್ರಾಕ್ಟಾ, ನೀವು ಕಾಗದ ಬರೆದು ನನ್ನ ಕಾರು ಕರೆಸಿದೀರಿ. ಪಟ್ಟಿಯಲ್ಲಿ ಕೊನೇ ಸಾಲು ಇದು. ಇದನ್ನ ಬಿಟ್ಟು ಮನೆಗೆ ಹೋದ್ರೆ ನನ್ನ ಹೆಂಡತಿ ಒಳಗೆ ಸೇರಿಸಲ್ಲ. ಬರೆಯೋಕೆ ಆಗಲ್ಲ ಅಂದ್ರೆ ನಾನು ಬರೀತೀನಿ. ನನ್ನ ಅಕ್ಷರ ಕೆಟ್ಟದು, ಆದ್ರೆ ದೊಡ್ಡದು."

ಶೈನಿ ನನ್ನ ಕೈಗೆ ಬಿಳಿ ಹಲಗೆಯನ್ನೂ ಕಪ್ಪು ಪೆನ್ನನ್ನೂ ಇಟ್ಟು ಮುಂದೆ ನಡೆದಳು.

ಡೀಲಿಯಾ ಕಿಟಕಿಯ ಪಕ್ಕ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದರು. ಉದ್ದನೆಯ ಎಲುಬಿನ ಹೆಂಗಸು, ಬೆಳ್ಳನೆ ಕೂದಲು, ಮಡಿಲಲ್ಲಿ ಮಡಿಸಿದ ಪತ್ರಿಕೆ. ನಮ್ಮನ್ನು ನೋಡಿ, ಕಿವುಡರ ಎತ್ತರದ ದನಿಯಲ್ಲಿ, "ಹೊಸ ಪಾದ್ರಿಗಳಾ?" ಎಂದು ನನ್ನನ್ನು ಕೇಳಿದರು. ನಾನು ಅಲ್ಲವೆಂದು ತಲೆಯಾಡಿಸಿದೆ. "ಒಳ್ಳೇದಾಯ್ತು," ಎಂದರು.

ಅಟ್ರಾಕ್ಟಾ ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತರು. ಏನು ಬರೆಯಲಿ ಎಂದು ನಾನು ಕಣ್ಣಲ್ಲೇ ಕೇಳಿದೆ. ಅವರು ಸ್ಕಾರ್ಫಿನ ಗಂಟು ಸರಿಮಾಡಿಕೊಳ್ಳುತ್ತಲೇ ಇದ್ದರು. ಇನ್ನು ಕಾಯಬಾರದು ಎನಿಸಿ ನಾನೇ ದಪ್ಪ ಅಕ್ಷರದಲ್ಲಿ 'ರಾಸ್‌ಕೀಲ್ ಎಕ್ಸ್‌ಚೇಂಜ್' ಎಂದು ಬರೆದು, ಹಲಗೆಯನ್ನು ಅಟ್ರಾಕ್ಟಾ ಎದೆಯ ಮುಂದೆ ಹಿಡಿದೆ.

ಡೀಲಿಯಾ ಕನ್ನಡಕ ಏರಿಸಿಕೊಂಡು ಓದಿದರು. ಹಲಗೆಯ ಮೇಲಿದ್ದ ಕಣ್ಣು ನಿಧಾನವಾಗಿ ಮೇಲೇರಿ ಮುಖಕ್ಕೆ ಬಂತು. ಸ್ಕಾರ್ಫು, ಗಲ್ಲ, ಬಾಯಿ, ಕಣ್ಣು, ಒಂದೊಂದನ್ನೂ ನೋಡಿದರು. ಆಮೇಲೆ ಇಡೀ ಕಟ್ಟಡಕ್ಕೆ ಕೇಳುವಂತೆ,

"ಇವತ್ತು ಏನು ತಿಂದೆಯೇ ಕೂಸೇ?" ಎಂದರು.

ಅಟ್ರಾಕ್ಟಾ ಅತ್ತ ಅಳುವನ್ನು ನಾನು ವರ್ಣಿಸಲಾರೆ. ಅದರ ನಡುವೆಯೇ ನಗು ಬಂತು, ನಗುವಿನ ನಡುವೆ ಬಿಕ್ಕಳಿಕೆ ಬಂತು. ಡೀಲಿಯಾ ಮುಂದೆ ಬಾಗಿ ಅವರ ಎರಡೂ ಕೈ ಹಿಡಿದು, "ತಣ್ಣಗಿದೆ, ತಣ್ಣಗಿದೆ, ಕಾಲೂ ತಣ್ಣಗಿರತ್ತೆ," ಎಂದು ಉಜ್ಜತೊಡಗಿದರು. ಶೈನಿ ಕಣ್ಣೊರೆಸಿಕೊಂಡು ಚಹಾ ತರುತ್ತೇನೆಂದು ಹೋದಳು.

ಮುಂದಿನ ಎರಡು ಗಂಟೆ ಅಟ್ರಾಕ್ಟಾ ಹೇಳಿದ್ದನ್ನು ನಾನು ಬರೆದೆ, ಡೀಲಿಯಾ ಓದಿ ಉತ್ತರ ಹೇಳಿದರು, ನಾನು ಅಳಿಸಿ ಮತ್ತೆ ಬರೆದೆ. ನಡುವೆ ನಾನು ತಡಮಾಡಿದರೆ ಅಟ್ರಾಕ್ಟಾ, "ಲೈನ್ ಸಿಗ್ತಿಲ್ವೇನಪ್ಪಾ?" ಎನ್ನುವರು. ಗಂಡ ತೀರಿಕೊಂಡದ್ದು, ಮಕ್ಕಳಲ್ಲಿ ಇಬ್ಬರು ಲಂಡನ್‌ನಲ್ಲಿರುವುದು, ಇನ್ನೊಬ್ಬಳು ಪೋರ್ಟಾಕ್‌ನಲ್ಲೇ ಇದ್ದು ಪ್ರತಿ ಭಾನುವಾರ ಬರುವುದು, ಅಂಗಡಿಯನ್ನು ಯಾರೋ ಕೊಂಡು ಬೀಗ ಹಾಕಿರುವುದು, ಎಲ್ಲ ಬಂದು ಹೋಯಿತು. ಡೀಲಿಯಾ ಜೆರೇನಿಯಂ ನೋಡಿ, ತನಗೆಂದು ತಂದದ್ದೇ ಎಂದು ಕೇಳಿದರು. ಅಟ್ರಾಕ್ಟಾ ಸುಳ್ಳು ಹೇಳುವವರಲ್ಲ. 'ನಿಮ್ಮ ಸಮಾಧಿಗೆ ಅಂತ ತಂದಿದ್ದು' ಎಂದು ಬರೆಯಿಸಿದರು. ಅದನ್ನೂ ದಪ್ಪ ಅಕ್ಷರದಲ್ಲೇ ಬರೆದೆ.

ಡೀಲಿಯಾ ಓದಿದರು. ಕುರ್ಚಿಯ ತೋಳು ಹಿಡಿದು ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. "ಇಲ್ಲೇ ಕಿಟಕೀಲಿ ಇಡು. ಆಮೇಲೆ ಬೇಕಾದ್ರೆ ಜೊತೇಲಿ ತಗೊಂಡು ಹೋಗ್ತೀನಿ."

ಅಷ್ಟರಲ್ಲಿ ಅಟ್ರಾಕ್ಟಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ಕಾಗದದಲ್ಲಿ ಬರೆದಷ್ಟೇ ನೇರವಾಗಿ ಬರೆಯಲು ನೋಡಿದರು. ಬಹಳ ಹೊತ್ತಾಯಿತು. ನಾನು ಕಡಲು ನೋಡುತ್ತ ನಿಂತೆ, ಆದರೂ ಓದಿದೆ. 'ಅಮ್ಮ ಹೋದ ವರ್ಷ ನೀವು ದಿನಾ ಕೇಳಿದ್ದಕ್ಕೆ ನಾನು ಉಳಿದುಕೊಂಡೆ. ಆಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ನಿಮ್ಮ ಉಪಕಾರ ದೊಡ್ಡದು.'

ಡೀಲಿಯಾ ಓದಿ, ಮತ್ತೊಮ್ಮೆ ಓದಿ, ತುಟಿ ಬಿಗಿಹಿಡಿದರು. ಆಮೇಲೆ, "ಉಪಕಾರ ಏನು ಬಂತು ಹುಚ್ಚೀ. ಬ್ರೆಡ್ಡಿನ ವ್ಯಾನು ಬರೋದು ಒಂಬತ್ತಕ್ಕೆ. ಎಂಟೂವರೆಗೆ ಅಂಗಡಿ ಗುಡಿಸಿ ಆಗಿರ್ತಿತ್ತು. ಅಲ್ಲೀವರೆಗೆ ನಾನು ಏನ್ ಮಾಡ್ಲಿ? ಗಂಡನ ಜೊತೆ ಮಾತಾಡಿದ್ರೆ ಬರೀ ಅವನ ಮೂತ್ರದ ವಿಷಯ," ಎಂದರು.

ಅಟ್ರಾಕ್ಟಾ ಮತ್ತೆ ನಕ್ಕರು. ನಾನು ಅಳಿಸಲೆಂದು ಬಟ್ಟೆ ತೆಗೆದುಕೊಂಡೆ. ಡೀಲಿಯಾ ಹಲಗೆಯನ್ನು ಎದೆಗೆ ಎಳೆದುಕೊಂಡರು.

"ಇದನ್ನ ಮುಟ್ಟಬೇಡಪ್ಪಾ. ಶೈನಿ, ಇನ್ನೊಂದು ಹಲಗೆ ಇದ್ರೆ ತಾ."

ಹೊರಡುವಾಗ ಐದು ಗಂಟೆ. ಕಾರಿನಲ್ಲಿ ಕುಳಿತ ಮೇಲೆ ಅಟ್ರಾಕ್ಟಾ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಮಲಗಿದರು ಎಂದುಕೊಂಡೆ. ಬೆಳಕು ಇನ್ನೂ ಚೆನ್ನಾಗಿತ್ತು. ಕಿಲ್‌ಬ್ರೀನ್ ಅಂಗಡಿ ಬಾಕಿಯಿತ್ತು, ಹೋಗೋಣವೇ ಎಂದರೆ, "ಬೀಗ ಹಾಕಿದ ಬಾಗಿಲು ನೋಡಿ ಏನ್ ಮಾಡ್ಲಿ? ನಿಮ್ಮ ಆ ಬಂಡೆ ಎಲ್ಲಿದೆ, ಅಷ್ಟೊಂದು ಹೊಗಳ್ತೀರಲ್ಲ, ತೋರಿಸಿ," ಎಂದರು.

ಡೌನ್‌ಪ್ಯಾಟ್ರಿಕ್ ಹೆಡ್ ಎಂಬ ಕಡಲಂಚಿನ ಬಂಡೆಗೆ ಕರೆದೊಯ್ದೆ. ತುದಿಯವರೆಗೆ ನಡೆದೆವು, ಅವರು ನನ್ನ ತೋಳು ಹಿಡಿದಿದ್ದರು. ಕಡಲಿನ ನಡುವೆ ಒಂಟಿಯಾಗಿ ನಿಂತ ಆ ಕಲ್ಲಿನ ಕಂಬ, ಅದರ ಮೇಲೆ ಸಾವಿರಾರು ಹಕ್ಕಿ. ಇಲ್ಲಿ ನಾನು ಹೇಳುವ ಕಥೆಯೊಂದಿದೆ, ಒಂಬತ್ತು ನಿಮಿಷದ್ದು. ಅವತ್ತು ಬಾಯಿಗೆ ಬರಲಿಲ್ಲ. ಅಟ್ರಾಕ್ಟಾ ಸ್ಕಾರ್ಫು ಬಿಗಿಮಾಡಿಕೊಂಡು ಪೂರ್ತಿ ಐದು ನಿಮಿಷ ನೋಡಿದರು.

"ಚೆನ್ನಾಗಿದೆ. ಗಾಳಿ ಜಾಸ್ತಿ," ಎಂದು ತಿರುಗಿ ನಡೆದರು.

ವಾಪಸು ಬರುವ ದಾರಿಯಲ್ಲಿ ಗಾಡಿಯೊಂದರಲ್ಲಿ ಹುರಿದ ಆಲೂಗಡ್ಡೆ ಕೊಂಡು ಕಾರಿನಲ್ಲೇ ಕುಳಿತು ತಿಂದೆವು. ವಿನಿಗರ್ ಸಾಲದು ಎಂದರು, ಇಳಿದು ಹೋಗಿ ಹಾಕಿಸಿಕೊಂಡು ಬಂದೆ. ಹೋಟೆಲಿನ ಮುಂದೆ ಇಳಿಯುವಾಗ ನನ್ನ ಕೈ ಹಿಡಿದು, "ಮುಂದಿನ ತಿಂಗಳು ಮೊದಲನೇ ಗುರುವಾರ ಖಾಲಿ ಇದ್ದೀರಾ?" ಎಂದು ಕೇಳಿದರು. ಆ ದಿನ ಗಾಲ್ಫಿನ ನಾಲ್ವರು ಬುಕ್ ಮಾಡಿದ್ದರು.

"ಖಾಲಿ ಇದೀನಿ," ಎಂದೆ.

ಮನೆಗೆ ಬಂದು ಬ್ರೀಡಾಗೆ ಎಲ್ಲ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು. ಗಾಲ್ಫಿನವರ ವಿಷಯವನ್ನು ಕೊನೆಗೆ ಹೇಳಿದೆ, ಬೈಗುಳ ಬರಬಹುದೆಂದು. ಅವಳು ಕೈ ಒರೆಸಿಕೊಂಡು ತನ್ನ ಅಣ್ಣನಿಗೆ ಫೋನ್ ಮಾಡಿ, ಆ ನಾಲ್ವರನ್ನು ಅವನ ವ್ಯಾನಿಗೆ ದಾಟಿಸಿದಳು.

ಅಟ್ರಾಕ್ಟಾ ಆಮೇಲೆ ಎಂಟು ಗುರುವಾರ ಬಂದರು. ಡಬ್ಲಿನ್‌ನಿಂದ ರೈಲು, ಬಲ್ಲಿನಾದಿಂದ ನನ್ನ ಕಾರು. ಚಳಿಗಾಲದಲ್ಲೂ ತಪ್ಪಿಸಲಿಲ್ಲ. ಮೂರನೆಯ ಸಲದಿಂದ ಬರೆಯುವ ಕೆಲಸ ಅವರೇ ವಹಿಸಿಕೊಂಡರು, ನನ್ನ ಅಕ್ಷರ ಇಬ್ಬರಿಗೂ ಸಾಕಾಗಿತ್ತು. ನಾನು ಶೈನಿಯ ಜೊತೆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂರುವೆ, ಕೋಣೆಯಿಂದ ಡೀಲಿಯಾ ನಗುವುದು ಅಲ್ಲಿಗೂ ಕೇಳುತ್ತಿತ್ತು. ಮೇ ತಿಂಗಳ ಕೊನೆಯಲ್ಲಿ ಡೀಲಿಯಾ ನಿದ್ದೆಯಲ್ಲೇ ಹೋದರು. ಪೋರ್ಟಾಕ್‌ನ ಮಗಳು ತಾನೇ ಅಟ್ರಾಕ್ಟಾಗೆ ಫೋನ್ ಮಾಡಿ ತಿಳಿಸಿದಳು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಅವರನ್ನು ಮನೆಯವರ ಸಾಲಿನಲ್ಲೇ ಕೂರಿಸಿಕೊಂಡಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ, ಕೆಲಸದ ಕೋಟು ಹಾಕಿಕೊಂಡು. ಮಾರ್ಟನ್ ರುವೇನ್ ಪಕ್ಕದಲ್ಲಿದ್ದ. ಬೈಬಲಿನ ಪಾಠ ಓದಲು ಅಟ್ರಾಕ್ಟಾ ಎದ್ದು ನಿಂತರು. ಆ ತಗ್ಗಿನ, ನಿಧಾನದ ದನಿ ಚರ್ಚಿನಲ್ಲೆಲ್ಲ ತುಂಬಿತು. ಅಲ್ಲಲ್ಲಿ ಬಿಳಿತಲೆಗಳು ಥಟ್ಟನೆ ಮೇಲಕ್ಕೆದ್ದು, ಎಲ್ಲೋ ಕೇಳಿದ್ದೇವಲ್ಲ ಎಂಬಂತೆ ಅತ್ತ ತಿರುಗಿದವು. ಮಾರ್ಟನ್ ನನ್ನ ಪಕ್ಕೆಗೆ ತಿವಿದು, ಕಣ್ಣಲ್ಲಿ ನೀರು ತುಂಬಿಕೊಂಡು, ತಲೆಯಾಡಿಸಿದ.